ಪಿಕಪ್ಪಿಗೆ ಡೀಸೆಲ್ ಇಂಜಿನ್ನು ಕೂಡಿಸಿದ ವರ್ಷ

ಅಪ್ಪ ತೀರಿಕೊಂಡ ಆರು ತಿಂಗಳಿಗೆ ನಮ್ಮ ಅಡುಗೆಮನೆಗೆ ಎರಡನೆಯ ಒಲೆ ಬಂತು. ಮನೆಯಲ್ಲಿ ಉಳಿದಿದ್ದವರು ಮೂವರೇ: ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಒಂಬತ್ತು ವರ್ಷದ ನಾನು. ಪಾಲು ಕೇಳಲು ಅಣ್ಣತಮ್ಮಂದಿರಿರಲಿಲ್ಲ, ಯಾರೂ ಪಂಚಾಯ್ತಿ ಸೇರಿಸಿರಲಿಲ್ಲ. ಒಂದು ಬೆಳಿಗ್ಗೆ ನಾನು ಎದ್ದು ಮುಖ ತೊಳೆಯಲು ಹೊರಟಾಗ, ಅಜ್ಜಿ ಹಿತ್ತಲ ಬಾಗಿಲ ಪಕ್ಕದ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಕರಟ ಉರಿಹಾಕಿ, ಒಬ್ಬರಿಗಾಗುವಷ್ಟು ಮುದ್ದೆಗೆ ಎಸರಿಟ್ಟುಕೊಂಡು ಕೂತಿದ್ದಳು. ಅಮ್ಮ ಹಳೆಯ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಒಬ್ಬರ ಬೆನ್ನು ಇನ್ನೊಬ್ಬರಿಗೆ. ಎರಡು ಒಲೆಗಳ ನಡುವೆ ಇದ್ದದ್ದು ಆರೇಳು ಹೆಜ್ಜೆ ನೆಲ. ಆ ಚಳಿಗಾಲವೆಲ್ಲ ನಾನು ಆ ಆರೇಳು ಹೆಜ್ಜೆಯಲ್ಲಿ ತಿರುಗಾಡಿದಷ್ಟು ಶಾಲೆಯ ದಾರಿಯಲ್ಲೂ ತಿರುಗಾಡಿರಲಾರೆ.

ನಮ್ಮದು ತೋಟದ ಮನೆ. ಶೆಟ್ಟಿಕೆರೆಯಿಂದ ಒಳಗೆ, ಊರಿನಿಂದಲೂ ದೂರ, ಸುತ್ತ ತೆಂಗಿನ ಮರಗಳು. ಪಡಸಾಲೆ, ನಡುಮನೆ, ಅಡುಗೆಮನೆ, ಅಷ್ಟೇ. ತಲೆಯ ಮೇಲೆ ಮಾತ್ರ ಮನೆಯಷ್ಟೇ ಉದ್ದಗಲದ ಅಟ್ಟ. ನಮ್ಮ ಸೀಮೆಯಲ್ಲಿ ಕೊಬ್ಬರಿಗೆ ಬಿಟ್ಟ ಕಾಯನ್ನು ವರ್ಷ ಪೂರ್ತಿ ಅಟ್ಟದಲ್ಲೇ ಒಣಗಿಸುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುವವರೆಗೂ ಅವನ್ನು ಯಾರೂ ಮುಟ್ಟುವುದಿಲ್ಲ. ಭಾನುವಾರ ಮಧ್ಯಾಹ್ನ ಹೊತ್ತು ಹೋಗದಿದ್ದರೆ ನಾನು ಏಣಿ ಹತ್ತಿ, ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ಗುಡುಗುಡು ಎಂದರೆ ಕೊಬ್ಬರಿಯಾಗಿದೆ, ಬಳಕ್ ಎಂದರೆ ಇನ್ನೂ ನೀರಿದೆ. ಆಟಕ್ಕೆ ಕರೆಯಲು ಪಕ್ಕದ ಮನೆಯೇ ಇರಲಿಲ್ಲ. ಅಪ್ಪ ಇದ್ದಾಗ ಇದು ಒಂಟಿತನ ಅಂತ ನನಗೆ ಗೊತ್ತಿರಲಿಲ್ಲ. ಸಂಜೆಗೆ ಪಿಕಪ್ಪು ಬರುತ್ತಿತ್ತು, ಅದರ ಜೊತೆ ಮಾತೂ ಬರುತ್ತಿತ್ತು.

ಆ ಪಿಕಪ್ಪು ಅಪ್ಪನ ಜೀವ. ಮುಂದೆ ಜೀಪಿನ ಮೂತಿ, ಹಿಂದೆ ಹಲಗೆಯ ತೊಟ್ಟಿ, ಹಳೆಯ ಪೆಟ್ರೋಲ್ ಇಂಜಿನ್ನು. ಸುತ್ತಿನ ತೋಟಗಳಿಂದ ಕಾಯಿ ಹೇರಿ ಅವರವರ ಮನೆಗೆ ಇಳಿಸುವುದು, ಕೊಬ್ಬರಿ ಮೂಟೆಗಳನ್ನು ತಿಪಟೂರಿನ ಮಾರ್ಕೆಟ್ಟಿಗೆ ಒಯ್ಯುವುದು ಅವನ ಕೆಲಸ. ಕೊಂಡು ತಂದಾಗಲೇ ಅದು ಮುದಿ ಗಾಡಿ. ಅಂಗಳದಲ್ಲಿ ಗೋಣಿತಾಟು ಹಾಸಿ ಅಪ್ಪ ಇಂಜಿನ್ನು ಪೂರ್ತಿ ಬಿಚ್ಚಿದ್ದನಂತೆ. ಅಜ್ಜಿ ಎದುರು ಕೂತು, ಅವನು ಕೊಟ್ಟ ಒಂದೊಂದು ಸಾಮಾನನ್ನೂ ಸೀಮೆಎಣ್ಣೆಯ ಬೋಗುಣಿಯಲ್ಲಿ ತೊಳೆದು ತನ್ನ ಸೆರಗಿನಲ್ಲಿ ಒರೆಸಿ ವಾಪಸ್ಸು ಕೊಟ್ಟಿದ್ದಳಂತೆ. ಆಮೇಲೆ ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ ಏಳುವಾಗ ವಿಭೂತಿಯ ಬೆರಳನ್ನು ಹಾಗೇ ಹಿಡಿದುಕೊಂಡು ಹೊರಗೆ ಬಂದು ಪಿಕಪ್ಪಿನ ಬಾನೆಟ್ಟಿಗೂ ಮೂರು ಗೆರೆ ಎಳೆಯುತ್ತಿದ್ದಳು. ಅಪ್ಪನಿಗೆ ಕಾಮಾಲೆ ಬಂದು, ತುಮಕೂರಿನ ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿ, ಹೆಣವಾಗಿ ಮನೆಗೆ ಬಂದ ಮೇಲೂ ಆ ಸೋಮವಾರದ ಗೆರೆ ತಪ್ಪಲಿಲ್ಲ.

ಅಮ್ಮನಿಗೆ ಗಾಡಿ ಓಡಿಸಲು ಬರುತ್ತಿತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅಪ್ಪ ಅವಳನ್ನು ಕೆರೆಯಂಗಳಕ್ಕೆ ಕರೆದುಕೊಂಡು ಹೋಗಿ ಕಲಿಸಿದ್ದ. ಸ್ಟೇರಿಂಗು ಹಿಡಿದ ಅಮ್ಮ, ಪಕ್ಕದಲ್ಲಿ ನಗುವ ಅಪ್ಪ, ನಡುವೆ ನಾನು. ಅಜ್ಜಿಗೆ ಹೇಳಬಾರದು ಎಂದು ಇಬ್ಬರೂ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಅಪ್ಪ ಹೋದ ಮೇಲೆ ಆ ವರ್ಷದ ದಸರಾ ಕಳೆದು, ನಮ್ಮದೇ ತೋಟದ ಕಾಯಿ ಕೆಡವಿ, ಅಟ್ಟಕ್ಕೇರಿಸದೆ ಹಸಿಯಾಗಿಯೇ ಮಾರಲು ತಿಪಟೂರಿಗೆ ಒಯ್ಯಬೇಕಾದಾಗ, ಬಾಡಿಗೆ ಗಾಡಿ ಎರಡು ದಿನ ಬರುತ್ತೇನೆಂದು ಹೇಳಿ ಬರಲಿಲ್ಲ. ಮೂರನೆಯ ದಿನ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಟ್ಟಿಗೆಯ ಪಕ್ಕ ನಿಂತಿದ್ದ ಪಿಕಪ್ಪನ್ನು ಸ್ಟಾರ್ಟ್ ಮಾಡಿದಳು. ಅಜ್ಜಿ ಹೊರಗೆ ಬಂದು ಕಂಬ ಹಿಡಿದು ನಿಂತಳು. ಅಮ್ಮನಿಗೆ ಓಡಿಸುವುದು ಗೊತ್ತಿತ್ತು, ಆರು ತಿಂಗಳು ನಿಂತ ಗಾಡಿಯ ರೇಡಿಯೇಟರಿನಲ್ಲಿ ನೀರಿದೆಯೇ ಎಂದು ನೋಡುವುದನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ. ಅವನು ಇರುವಾಗ ಅದನ್ನು ಅವನೇ ನೋಡುತ್ತಿದ್ದ. ಶೆಟ್ಟಿಕೆರೆ ಏರಿನಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದಿತು, ಒಂದು ಕೀರಲು ದನಿ ಬಂತು, ಇಂಜಿನ್ನು ಹಿಡಿದುಕೊಂಡು ನಿಂತುಬಿಟ್ಟಿತು. ಸಂಜೆ ಯಾರದೋ ಟ್ರಾಕ್ಟರು ಅದನ್ನು ಹಗ್ಗ ಕಟ್ಟಿ ಎಳೆದು ತಂದು ಅಂಗಳದಲ್ಲಿ ಬಿಟ್ಟಿತು. ಸ್ಟೇರಿಂಗಿನ ಮುಂದೆ ಕೂತಿದ್ದ ಅಮ್ಮ ಇಳಿಯಲು ಕಾಲು ಕೆಳಗಿಟ್ಟಾಗ ಅಜ್ಜಿ ಹತ್ತಿರ ಬಂದು, ಇನ್ನೂ ಬಿಸಿಯಿದ್ದ ಬಾನೆಟ್ಟಿನ ಮೇಲೆ ಕೈಯಿಟ್ಟಳು.

"ಅವನು ಹೋಗಿದ್ದು ಸಾಲಲಿಲ್ವಾ ನಿಂಗೆ? ಅವನು ಮಾಡಿಟ್ಟಿದ್ದನ್ನೂ ಸುಟ್ಟಾಕ್ಬೇಕಿತ್ತಾ?"

ಮಾರನೆಯ ಬೆಳಿಗ್ಗೆಯೇ ಆ ಮೂರು ಕಲ್ಲಿನ ಒಲೆ.

ಅಂದಿನಿಂದ ಅವರಿಬ್ಬರ ನಡುವೆ ಮಾತು ನಿಂತಿತು. ಹೇಳಬೇಕಾದ್ದು ಮಾತ್ರ ನಿಲ್ಲಲಿಲ್ಲ. ಹಸು ಕರು ಹಾಕುವ ಹಾಗಿದೆ, ಕಾಯಿ ಸುಲಿಯುವವರು ನಾಳೆ ಬರುತ್ತಾರೆ, ಬಾವಿಯ ಹಗ್ಗ ಸವೆದಿದೆ. ಇವೆಲ್ಲ ನನ್ನ ಮೂಲಕ ಹೋಗಬೇಕಿತ್ತು. ಇಬ್ಬರೂ ಒಂದೇ ಕೋಣೆಯಲ್ಲಿದ್ದು, ಇಬ್ಬರಿಗೂ ಕೇಳಿಸುವಂತೆ ಹೇಳಿದರೂ, ನಾನು ಎದ್ದು ಹೋಗಿ ಇನ್ನೊಮ್ಮೆ ಹೇಳುವವರೆಗೆ ಅದು ತಲುಪಿದ ಲೆಕ್ಕವಿಲ್ಲ.

"ಹೇಳು ನಿಮ್ಮಮ್ಮಂಗೆ, ಹಸೂಗೆ ಬೂಸಾ ಕಲಸಿಟ್ಟಿದ್ದೀನಿ ಅಂತ."

"ಕೇಳು ನಿಮ್ಮಜ್ಜೀನ, ಯಾವ ಬೂಸಾ ಅಂತ."

ನನಗೆ ಎರಡು ಕಡೆಯೂ ಊಟ. ಅಜ್ಜಿಯ ಒಲೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ಅಮ್ಮನ ಒಲೆಯಲ್ಲಿ ರೊಟ್ಟಿ, ಕಾಯಿ ಚಟ್ನಿ. ಒಂದು ಕಡೆ ಹೊಟ್ಟೆ ತುಂಬಿದೆ ಎಂದರೆ ಆ ಕಡೆಯವರ ಮುಖ ಸಪ್ಪಗಾಗುತ್ತಿತ್ತು. ಅದಕ್ಕೆ ಎರಡು ಕಡೆಯೂ ಅರ್ಧರ್ಧ ಉಣ್ಣುವುದು ಕಲಿತೆ. ಇಬ್ಬರೂ ನನ್ನೊಡನೆಯೇ ದಿನವೆಲ್ಲ ಮಾತಾಡುತ್ತಿದ್ದರು. ಆದರೆ ಆ ಮಾತಿನಲ್ಲಿ ಒಂದೂ ನನಗಾಗಿ ಇರುತ್ತಿರಲಿಲ್ಲ. ಶಾಲೆಯಲ್ಲಿ ಏನಾಯಿತು ಎಂದು ಕೇಳಿದವರು ಆ ಚಳಿಗಾಲದಲ್ಲಿ ಯಾರೂ ಇಲ್ಲ. ಪುಷ್ಪಾ ಎಂದು ಕೂಗಿದರೆ ಇನ್ನೊಬ್ಬರಿಗೆ ಏನೋ ಹೇಳಿಕಳಿಸಲಿಕ್ಕಿದೆ ಎಂದೇ ಅರ್ಥ.

ಮಾತು ಹೊರುವವರು ಬೇಗನೆ ಮಾತು ತಿದ್ದುವುದನ್ನು ಕಲಿಯುತ್ತಾರೆ. ಮೊದಲ ಸಲ ತಿದ್ದಿದ್ದು ನನಗೆ ಚೆನ್ನಾಗಿ ನೆನಪಿದೆ. "ನಿಮ್ಮಮ್ಮಂಗೆ ಹೇಳು, ಗಂಡ ಸತ್ತೋರು ಹಿಂಗೆ ಬೀದಿಗೆ ಬಂದು ಗಂಡಸರ ಜೊತೆ ನಿಂತು ಮಾತಾಡಲ್ಲ ಅಂತ" ಎಂದು ಅಜ್ಜಿ ನನ್ನ ಕಿವಿಯಲ್ಲಿ ಹೇಳಿದಳು. ಆ ಆರೇಳು ಹೆಜ್ಜೆ ದಾಟುವಷ್ಟರಲ್ಲಿ ನನಗೆ ಅದನ್ನು ಹೇಳಲು ಭಯವಾಯಿತು. ಹಿಂದಿನ ದಿನವಷ್ಟೇ ಅಮ್ಮ ಅಳುತ್ತಿದ್ದುದನ್ನು ನೋಡಿದ್ದೆ. "ಬಿಸಿಲಲ್ಲಿ ನಿಲ್ಲಬೇಡ ಅಂತೆ" ಎಂದೆ. ಅಮ್ಮ ತಟ್ಟುತ್ತಿದ್ದ ರೊಟ್ಟಿಯ ಮೇಲೆ ಕೈ ನಿಲ್ಲಿಸಿ ಒಂದು ಗಳಿಗೆ ಅಜ್ಜಿಯ ಬೆನ್ನನ್ನು ನೋಡಿದಳು. ಏನೂ ಕೆಡಲಿಲ್ಲ. ಅಜ್ಜಿಗೆ ಒಂದು ಕಿವಿ ಮಂದ, ನಾನು ಮೆಲ್ಲಗೆ ಹೇಳಿದರೆ ಆ ಕಡೆ ತಲುಪುತ್ತಿರಲಿಲ್ಲ. ಅಮ್ಮ ಏನಾದರೂ ಬಿರುಸಾಗಿ ಅಂದರೆ ಅದನ್ನೂ ಹಾಗೇ ಮೆತ್ತಗೆ ಮಾಡಿ ಅಜ್ಜಿಯ ಒಳ್ಳೆಯ ಕಿವಿಗೆ ಹಾಕುತ್ತಿದ್ದೆ. ಮನೆ ತಣ್ಣಗಿರಲಿ ಎಂಬುದೊಂದೇ ನನ್ನ ಆಸೆ.

ಅಮ್ಮ ನಿಂತು ಮಾತಾಡುತ್ತಿದ್ದ ಗಂಡಸು ಕಾಳಾಚಾರ್. ಚಿಕ್ಕನಾಯಕನಹಳ್ಳಿಯಲ್ಲಿ ವೆಲ್ಡಿಂಗ್ ಶಾಪು ಇಟ್ಟಿದ್ದವರು. ತಂದೆಯ ಕಾಲಕ್ಕೆ ನೇಗಿಲ ಗುಳ, ಗಾಡಿಯ ಚಕ್ರದ ಪಟ್ಟಿ ಬಡಿಯುತ್ತಿದ್ದ ಮನೆತನ. ಅಪ್ಪನಿಗೆ ಸ್ನೇಹಿತರು. ಕರೆಸಿದ ದಿನ ಅವರು ಬಾನೆಟ್ಟು ಎತ್ತಿ, ಹೆಡ್ಡು ಬಿಚ್ಚಿ, ಒಳಗೆ ಬೆರಳಾಡಿಸಿ ನೋಡಿದರು.

"ಪಿಸ್ಟನ್ ಓಡೋ ಬೋರೆಲ್ಲಾ ಗೀಚೋಗದೆ ಕಣಮ್ಮ. ಬ್ಲಾಕೂ ಸೀಳಿ ಬುಟ್ಟದೆ. ಇದನ್ನ ಎಬ್ಬಿಸಿದ್ರೂ ಮೂರು ತಿಂಗ್ಳು ನಡೆಯಲ್ಲ."

"ಗುಜರಿಗೆ ಹಾಕು ಅಂತೀರಾ ಆಚಾರ್ರೇ?"

"ಗಾಡಿ ಯಾಕೆ ಹಾಕ್ತೀರಿ? ಕೆಳಗಿನ ಚಾಸಿ ಕಲ್ಲಿದ್ದಂಗದೆ. ಬೇರೆ ಇಂಜಿನ್ ಕೂರ್ಸಣ. ಮರಕ್ಕೆ ಹೊಡ್ಕೊಂಡ ಜೀಪಿಂದು ಒಂದು ಡೀಸೆಲ್ ಇಂಜಿನ್ ಅದೆ, ಹೊಸದು, ಎರಡು ವರ್ಷನೂ ಓಡಿಲ್ಲ. ಇದಕ್ಕಿಂತ ಅರ್ಧ ಖರ್ಚಲ್ಲಿ ಓಡುತ್ತೆ. ಕೆಲ್ಸ ಜಾಸ್ತಿ, ಆದ್ರೆ ಆಗುತ್ತೆ."

ಅಮ್ಮನ ಅಣ್ಣ ತವರೂರಾದ ಸಂಪಿಗೆಯಿಂದ ಬಂದು ಒಂದು ಮಧ್ಯಾಹ್ನವೆಲ್ಲ ಪಡಸಾಲೆಯಲ್ಲಿ ಕೂತು, ಗಾಡಿ ಮಾರು, ತೋಟ ಗುತ್ತಿಗೆಗೆ ಕೊಡು, ಮಗಳನ್ನು ಕರೆದುಕೊಂಡು ತವರಿಗೆ ಬಾ ಎಂದು ಹೇಳಿ ಹೋಗಿದ್ದರು. ಅಜ್ಜಿ ನಡುಮನೆಯಲ್ಲಿ ಕೂತು ಇದನ್ನು ಕೇಳಿಸಿಕೊಂಡಿದ್ದಳು. ಅಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ವಾರ ಬಿಟ್ಟು ಕಾಳಾಚಾರ್‌ಗೆ ಹೇಳಿಕಳಿಸಿದಳು. ಆ ವರ್ಷ ಅಟ್ಟದಲ್ಲಿದ್ದ ಕೊಬ್ಬರಿಯೆಲ್ಲ ಆ ಡೀಸೆಲ್ ಇಂಜಿನ್ನಿಗೆ ಹೋಯಿತು. ಖಾಲಿಯಾದ ಅಟ್ಟದಲ್ಲಿ ಅಲ್ಲಾಡಿಸಿ ನೋಡಲು ನನಗೆ ಒಂದು ಕಾಯಿಯೂ ಉಳಿಯಲಿಲ್ಲ.

ಕಾಳಾಚಾರ್ ಮೊದಲೇ ಒಂದು ಮಾತು ಹೇಳಿದ್ದರು. ಗಾಡಿಯ ನೋಂದಣಿ ಪುಸ್ತಕ ಇನ್ನೂ ಅಪ್ಪನ ಹೆಸರಿನಲ್ಲಿದೆ. ಹೊಸ ಇಂಜಿನ್ನಿನ ನಂಬರು ಅದರಲ್ಲಿ ಏರಬೇಕಾದರೆ ಮೊದಲು ಪುಸ್ತಕ ಬದುಕಿರುವ ಒಬ್ಬರ ಹೆಸರಿಗೆ ಆಗಬೇಕು. ಸತ್ತವನ ತಾಯಿಯೂ ವಾರಸುದಾರಳೇ, ಆದ್ದರಿಂದ ಸೊಸೆಯ ಹೆಸರಿಗೆ ಮಾಡಲು ನನ್ನ ಒಪ್ಪಿಗೆಯಿದೆ ಎಂದು ಅಜ್ಜಿ ಆರ್.ಟಿ.ಓ. ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಬೇಕು. ಅದಿಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಈ ಮಾತನ್ನು ಅಜ್ಜಿಗೆ ತಲುಪಿಸುವ ಕೆಲಸ ನನ್ನದಾಯಿತು. ಅಜ್ಜಿ ಕಾಳು ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಹೆಸರು ಮಾಡ್ಸ್ಕೊಂಡು ಗಾಡಿ ಹೊಡ್ಕಂಡು ಸಂಪಿಗೆಗೆ ಹೋಗಕ್ಕಾ? ನಾನು ಒತ್ತಲ್ಲ ಅಂತ ಹೇಳು. ನನ್ ಮಗ ಕೂತಿದ್ದ ಗಾಡಿ ಅದು. ಅವಳು ಹೋಗೋದಾದ್ರೆ ಬಸ್ಸಿಗೆ ಹೋಗ್ಲಿ."

ಇದನ್ನು ಹೇಗೆ ಮೆತ್ತಗೆ ಮಾಡುವುದು? ನನಗೆ ತೋಚಿದ್ದಷ್ಟು ಮಾಡಿದೆ. "ಅಜ್ಜಿ ಯೋಚನೆ ಮಾಡ್ತೀನಿ ಅಂದ್ಲು" ಎಂದೆ. ಆದರೆ ಅಮ್ಮ ಆ ಹೊತ್ತಿಗೆ ಹಿತ್ತಲಿನಿಂದ ಬರುತ್ತ ಅಜ್ಜಿಯ ದನಿಯನ್ನು ಅಷ್ಟಿಷ್ಟು ಕೇಳಿಸಿಕೊಂಡಿದ್ದಳು. ಸಂಪಿಗೆ ಎಂಬ ಮಾತು ಕಿವಿಗೆ ಬಿದ್ದಿತ್ತು. ಅವಳ ಮುಖ ಕೆಂಪಗಾಯಿತು. ನನ್ನ ಭುಜ ಹಿಡಿದು, ಒಂದೊಂದು ಮಾತನ್ನೂ ನನ್ನೊಳಗೆ ತುರುಕುವವಳಂತೆ ಹೇಳಿದಳು.

"ಹೋಗಿ ಹೇಳು ನಿಮ್ಮಜ್ಜಿಗೆ. ನಾನು ಸತ್ರೂ ಈ ಮನೇಲೇ ಸಾಯೋದು. ನನ್ ಹೆಣ ಹೋಗೋದೂ ಈ ಬಾಗ್ಲಿಂದಾನೇ. ಹಿಂಗೇ ಹೇಳು, ಒಂದಕ್ಷರ ಬುಡಬೇಡ."

ನಾನು ಹೊರಟೆ. ಕಿವಿಯಲ್ಲಿ ಉಳಿದದ್ದು ಎರಡೇ ಮಾತು: ಸಾಯೋದು, ಹೆಣ. ಏಳು ತಿಂಗಳ ಹಿಂದೆ ಅದೇ ಬಾಗಿಲಿನಿಂದ ಅಪ್ಪನನ್ನು ಹೊತ್ತು ಹೊರಗೆ ಒಯ್ದಿದ್ದರು. ಅಮ್ಮನೂ ಸಾಯುತ್ತಾಳೆ ಎಂದು ನಾನೇ ನನ್ನ ಬಾಯಿಂದ ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತು. ಅಜ್ಜಿಯ ಮುಂದೆ ನಿಂತೆ. "ಏನಂದ್ಲು?" ಎಂದಳು ಅಜ್ಜಿ. ಆ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಅವಳು ಯಾವ ಉತ್ತರಕ್ಕೆ ಕಾಯುತ್ತಿದ್ದಳು ಎಂಬುದು ಇವತ್ತು ನನಗೆ ಗೊತ್ತು, ಅವತ್ತು ಗೊತ್ತಿರಲಿಲ್ಲ.

"ಏನೂ ಅನ್ನಲಿಲ್ಲ" ಎಂದೆ.

ಅಜ್ಜಿ ಮೊರ ಎತ್ತಿಕೊಂಡಳು. "ಏನಂತಾಳೆ, ಹೋಗೋಳು" ಎಂದು ಕಾಳಿಗೆ ಹೇಳಿಕೊಂಡಳು.

ಅಮ್ಮ ಎರಡು ದಿನ ಕಾದು ಕೇಳಿದಳು, ಅಜ್ಜಿ ಏನಂದಳೆಂದು. ಅವಳಿಗೂ ಕಾಯುವ ಕಣ್ಣೇ. ನಾನು ಆ ಕಣ್ಣನ್ನು ನೋಡಿಕೊಂಡು ನನ್ನ ಜೀವನದ ದೊಡ್ಡ ಸುಳ್ಳನ್ನು ಹೇಳಿದೆ. "ಆಯ್ತು ಬುಡು, ಒತ್ತುತೀನಿ ಅಂದ್ಲು." ಹೇಳಿದ ಮೇಲೆ ಅಮ್ಮನ ಮುಖ ಬಿಚ್ಚಿಕೊಂಡಿತಲ್ಲ, ಅದನ್ನು ನೋಡಿ ನಾನು ಮಾಡಿದ್ದು ಸರಿಯೆಂದೇ ಅಂದುಕೊಂಡೆ. ಅವಳು ಆ ದಿನ ನನ್ನ ತಲೆ ಬಾಚಿ ಎರಡು ಜಡೆ ಹಾಕಿದಳು. ಅಪ್ಪ ಹೋದ ಮೇಲೆ ಮೊದಲ ಸಲ.

ಹಾಗಾಗಿ, ಅಜ್ಜಿ ನೊಣವಿನಕೆರೆಯ ಮಠಕ್ಕೆ ಹೋಗಿ ಅಲ್ಲೇ ನೆಂಟರ ಮನೆಯಲ್ಲಿ ಎರಡು ದಿನ ಉಳಿದಾಗ, ಅಮ್ಮ ಕೆಲಸ ಶುರುಮಾಡಿಸಿದಳು. ಕಾಳಾಚಾರ್ ಮೂರು ದಪ್ಪ ಗಳಗಳನ್ನು ಮೇಲೆ ಸೇರಿಸಿ ಕಟ್ಟಿ ನಿಲ್ಲಿಸಿದರು. ಅದಕ್ಕೆ ಚೈನ್ ಪುಲ್ಲಿ ತೂಗುಹಾಕಿದರು. ಹಳೆಯ ಇಂಜಿನ್ನಿನ ಬೋಲ್ಟುಗಳೆಲ್ಲ ಬಿಚ್ಚಿದ ಮೇಲೆ, ಸರಪಳಿ ಕಟಕಟ ಎನ್ನುತ್ತ, ಅದು ಗಾಡಿಯ ಹೊಟ್ಟೆಯಿಂದ ಮೆಲ್ಲಗೆ ಮೇಲೆದ್ದಿತು. ಎಣ್ಣೆ ತೊಟ್ಟಿಕ್ಕುತ್ತಿತ್ತು. ಗಾಡಿಯನ್ನು ಹಿಂದಕ್ಕೆ ತಳ್ಳಿ, ಇಂಜಿನ್ನನ್ನು ಗೋಣಿತಾಟಿನ ಮೇಲೆ ಇಳಿಸಿದರು. ಭಾರ ಹೋದದ್ದಕ್ಕೆ ಪಿಕಪ್ಪಿನ ಮೂತಿ ಗೇಣುದ್ದ ಮೇಲೆ ಎದ್ದು ನಿಂತಿತ್ತು. ನಾನು ಜಗಲಿಯ ಮೇಲೆ ಕೂತು ನೋಡುತ್ತಿದ್ದೆ. ಅಜ್ಜಿ ಒಪ್ಪಿಲ್ಲ ಎಂದು ಗೊತ್ತಿದ್ದವಳು ಆ ಅಂಗಳದಲ್ಲಿ ನಾನೊಬ್ಬಳೇ. ಕೂಗಿ ನಿಲ್ಲಿಸಬಹುದಿತ್ತು. ಕೂಗಲಿಲ್ಲ.

ಮಾರನೆಯ ದಿನ ಹನ್ನೊಂದರ ಬಸ್ಸಿಗೆ ಅಜ್ಜಿ ಬಂದಳು. ತೋಟದ ದಾರಿಯಲ್ಲಿ ಪ್ರಸಾದದ ಚೀಲ ಹಿಡಿದು ನಡೆದು ಬಂದವಳು, ಅಂಗಳದ ಅಂಚಿನಲ್ಲೇ ನಿಂತಳು. ಬಾಯಿ ತೆರೆದ ಬಾನೆಟ್ಟು, ಒಳಗೆ ಖಾಲಿ, ಪಕ್ಕದಲ್ಲಿ ಗೋಣಿತಾಟಿನ ಮೇಲೆ ಅವಳು ತೊಳೆದುಕೊಟ್ಟಿದ್ದ ಇಂಜಿನ್ನು. ಚೀಲ ಕೆಳಗಿಟ್ಟು, ಇಂಜಿನ್ನಿನ ಪಕ್ಕ ನೆಲದ ಮೇಲೆ ಕೂತಳು. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ನಾನು ಇಬ್ಬರ ನಡುವೆ ಇದ್ದೆ. ಅಭ್ಯಾಸದಂತೆ ಅಜ್ಜಿ ನನ್ನನ್ನೇ ನೋಡಿಕೊಂಡು ಹೇಳಿದಳು.

"ಕೇಳು ನಿಮ್ಮಮ್ಮನ್ನ. ಯಾರನ್ನ ಕೇಳಿ ತೆಗೆಸಿದ್ಲು ಅಂತ."

ಅಮ್ಮನೂ ನನ್ನನ್ನೇ ನೋಡಿದಳು. "ಹೇಳು. ಅವರೇ ಹೆಬ್ಬೆಟ್ಟು ಒತ್ತುತೀನಿ ಅಂತ ಹೇಳಿಕಳಿಸಿದ ಮೇಲೇ ತೆಗೆಸಿದ್ದು ಅಂತ."

ನಾನು ಹೇಳಲಿಲ್ಲ. ಗಾಡಿಯ ಕೆಳಗೆ ಮಲಗಿದ್ದ ಕಾಳಾಚಾರ್ ಸುತ್ತಿಗೆ ನಿಲ್ಲಿಸಿದರು. ಅಮ್ಮ ಗಟ್ಟಿಯಾಗಿಯೇ ಹೇಳಿದ್ದಳು, ಅಜ್ಜಿಗೆ ಕೇಳಿಸಿತ್ತು. ಅಜ್ಜಿ ಮೊದಲ ಬಾರಿಗೆ ನನ್ನ ತಲೆಯ ಮೇಲಿಂದ ಆಚೆ, ನೇರವಾಗಿ ಅಮ್ಮನನ್ನು ನೋಡಿದಳು.

"ನಾನ್ಯಾವಾಗ ಅಂದೆ? ನಾನು ಒತ್ತಲ್ಲ ಅಂದಿದ್ದು."

"ಒತ್ತಲ್ಲ ಅಂದ್ರಾ? ಮತ್ತೆ ಇವಳು... ಅತ್ತೆ, ನಾನು ಸತ್ರೂ ಈ ಮನೇಲೇ ಸಾಯೋದು ಅಂತ ಹೇಳಿಕಳಿಸಿದ್ದಕ್ಕೆ ನೀವು ಒಪ್ಪಿದ್ರಿ ಅಂತ ಬಂದು ಹೇಳಿದ್ಲು."

"ಹಂಗೆ ಹೇಳಿಕಳಿಸಿದ್ಯಾ ನೀನು?"

"ಒಂದಕ್ಷರ ಬುಡಬೇಡ ಅಂತ ಹೇಳಿ ಕಳಿಸಿದೆ."

"ಏನೂ ಅನ್ನಲಿಲ್ಲ ಅಂದ್ಲಲ್ಲೇ ಈ ಮುಂಡೇದು!"

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಅಮ್ಮ ಬಂದು ಕೆನ್ನೆಗೆ ಹೊಡೆದಳು. ಅಜ್ಜಿ "ಹೊಡಿ, ಇನ್ನೊಂದು ಹೊಡಿ" ಎಂದಳು. ಅಷ್ಟು ತಿಂಗಳಲ್ಲಿ ಅವರಿಬ್ಬರೂ ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು. ನಾನು ಓಡಿಹೋಗಿ ಏಣಿ ಹತ್ತಿ ಖಾಲಿ ಅಟ್ಟದಲ್ಲಿ ಕೂತೆ. ಯಾರೂ ಹುಡುಕಿಕೊಂಡು ಬರಲಿಲ್ಲ. ಕೆಳಗಿನಿಂದ ಮಾತು ಕೇಳಿಸುತ್ತಿತ್ತು. ಮೊದಲು ಜಗಳ. ರೇಡಿಯೇಟರಿನ ನೀರಿನ ವಿಷಯ, ಕೆರೆಯಂಗಳದಲ್ಲಿ ಗಾಡಿ ಕಲಿತ ವಿಷಯ, ಬಾಡಿಗೆ ಗಾಡಿಯವನು ಬಾರದೆ ಹೋದ ವಿಷಯ. ಅಪ್ಪ ಆಸ್ಪತ್ರೆಯಲ್ಲಿ ಕೊನೆಯ ದಿನ ಯಾರನ್ನು ಕೇಳಿದ ಎಂಬ ವಿಷಯ ಬಂದಾಗ ಇಬ್ಬರೂ ಒಟ್ಟಿಗೆ ಅತ್ತರು. ನಾನು ನಡುವೆ ಇಲ್ಲದೆಯೂ ಮಾತು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಸಲೀಸಾಗಿ ಹೋಗುತ್ತಿತ್ತು. ನಡುವೆ ಕಾಳಾಚಾರ್ ದನಿ ಒಂದೇ ಒಂದು ಸಲ ಕೇಳಿಸಿತು. ಹಂಗಾದ್ರೆ ಅವನದು ಅಂತ ಇನ್ನೇನು ಉಳೀತು ಆಚಾರ್ರೇ, ಎಂದು ಅಜ್ಜಿ ಕೇಳಿದ್ದಳು.

"ಚಾಸಿ ಅವನದೇ ಕಣಮ್ಮ, ಅದರ ನಂಬರ್ ಪುಸ್ತಕದಲ್ಲಿ ಹಂಗೇ ಇರುತ್ತೆ. ಗೇರ್‌ಬಾಕ್ಸು, ಸ್ಟೇರಿಂಗು, ಅವನು ಕೂತ ಸೀಟು, ಎಲ್ಲಾ ಹಂಗೇ. ಅವನಿದ್ದಿದ್ರೆ ಈ ಕೆಲ್ಸ ಅವನೇ ಮಾಡೋನು. ಎರಡು ವರ್ಷದಿಂದ ನನ್ ತಲೆ ತಿಂತಿದ್ದ, ಡೀಸೆಲ್ ಹಾಕಣ ಕಣ್ಲಾ ಅಂತ."

ಅದು ನಿಜವೋ, ಆ ಗಳಿಗೆಗೆ ಕಾಳಾಚಾರ್ ಕಟ್ಟಿದ ಮಾತೋ, ಯಾರೂ ವಿಚಾರಿಸಲಿಲ್ಲ. ನನ್ನ ಸುಳ್ಳಿಗೆ ಕೆನ್ನೆಗೆ ಬಿದ್ದಿತ್ತು. ಅವರ ಮಾತಿಗೆ ಅಜ್ಜಿ ಮಜ್ಜಿಗೆ ತಂದುಕೊಟ್ಟಳು.

ಕೆಲಸ ಶಿವರಾತ್ರಿಯವರೆಗೆ ಹಿಡಿಯಿತು. ಡೀಸೆಲ್ ಇಂಜಿನ್ನು ಹಳೆಯದಕ್ಕಿಂತ ಭಾರ, ಅಗಲವೂ ಹೆಚ್ಚು. ಅದು ಕೂರುವ ಕಡೆಯ ಹಳೆಯ ಆಸರೆಗಳನ್ನು ಕತ್ತರಿಸಿ ಹೊಸವನ್ನು ವೆಲ್ಡ್ ಮಾಡಬೇಕಾಯಿತು. ಹೊಸ ಇಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ತೂತು ಹೊಂದಲಿಲ್ಲ. ಎರಡರ ನಡುವೆ ಕೂರಲು ದಪ್ಪ ಕಬ್ಬಿಣದ ಒಂದು ತಟ್ಟೆಯನ್ನು ತಿಪಟೂರಿನ ಲೇತಿನಲ್ಲಿ ಕೊರೆಸಿ ತಂದರು. ಮೊದಲನೆಯದು ಕೂದಲಷ್ಟು ತಪ್ಪಿತು, ಇನ್ನೊಂದು ಮಾಡಿಸಿದರು. ಫ್ಯಾನು ತಾಗದಂತೆ ರೇಡಿಯೇಟರನ್ನು ಮುಂದಕ್ಕೆ ಸರಿಸಿದರು. ಭಾರ ತಡೆಯಲು ಮುಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಕಟ್ಟಿದರು. ಹಳೆಯ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ತೊಳೆಯುವ ದಿನ ಅಜ್ಜಿ ತಾನೇ ಸೀಮೆಎಣ್ಣೆಯ ಬೋಗುಣಿ ಇಟ್ಟುಕೊಂಡು ಕೂತಳು. ಎದುರು ಅಮ್ಮ ಕೂತಳು. ನನಗೂ ಒಂದು ಚಿಂದಿ ಬಟ್ಟೆ ಕೊಡಿ ಎಂದು ಹತ್ತಿರ ಹೋದೆ. "ಕೈ ಹೊಲಸಾಗುತ್ತೆ, ಹೋಗಿ ಓದ್ಕೋ" ಎಂದರು ಇಬ್ಬರೂ.

ಯಾವ ದಿನ ಎಂದು ಹೇಳಲಾರೆ, ಒಂದು ಬೆಳಿಗ್ಗೆ ಮೂಲೆಯ ಮೂರು ಕಲ್ಲು ಹಿತ್ತಲಿಗೆ ಹೋಗಿದ್ದವು. ಆ ಜಾಗವನ್ನು ಸಗಣಿಯಿಂದ ಸಾರಿಸಿದ್ದರು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಒಂದೇ ಒಲೆಯ ಮುಂದೆ ಇಬ್ಬರೂ ಕೂತು ಮೆಲ್ಲನೆ ಮಾತಾಡಿಕೊಳ್ಳುವಾಗ ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಅವರಿಗೆ ನನ್ನ ಮೇಲೆ ಕೋಪವೇನೂ ಉಳಿದಿರಲಿಲ್ಲ. ಇವಳ ಕಿವಿಗೆ ಬಿದ್ದದ್ದು ಏನಾಗಿ ಹೊರಬರುತ್ತದೋ ಎಂಬ ಅನುಮಾನ ಮಾತ್ರ ಉಳಿದಿತ್ತು. "ಇವಳ ಕೈಲಿ ಮಾತು ಕಳಿಸಬ್ಯಾಡಿ" ಎಂದು ಅಜ್ಜಿ ಬಂದುಹೋಗುವವರ ಮುಂದೆ ತಮಾಷೆ ಮಾಡುತ್ತಿದ್ದಳು, ಅವರು ನಗುತ್ತಿದ್ದರು. ಆಮೇಲೆ ಬಹಳ ವರ್ಷ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೂ, ಯಾರಾದರೂ ಇನ್ನೊಬ್ಬರಿಗೆ ಇದನ್ನು ಹೇಳಿ ಎಂದರೆ ನಾನು ಚೀಟಿ ಬರೆದುಕೊಡಿ ಎನ್ನುತ್ತಿದ್ದೆ.

ಇಂಜಿನ್ನು ಸ್ಟಾರ್ಟ್ ಮಾಡುವ ದಿನ ಅಜ್ಜಿ ಬಾನೆಟ್ಟಿಗೆ ವಿಭೂತಿ ಎಳೆದು, ತೆಂಗಿನಕಾಯಿ ಒಡೆದಳು. ಅಮ್ಮ ಒಳಗೆ ಕೂತು ಕೀಲಿ ತಿರುಗಿಸಿದಳು. ಕರಕರ ಎಂದು ತಿರುಗಿತು, ಹತ್ತಲಿಲ್ಲ. ಎಣ್ಣೆಯ ಪೈಪಿನಲ್ಲಿ ಗಾಳಿ ಸೇರಿದೆ ಎಂದರು ಕಾಳಾಚಾರ್. ಒಂದು ಸಣ್ಣ ತಿರುಪನ್ನು ಸಡಿಲಿಸಿ, ಪಂಪನ್ನು ಬೆರಳಿನಿಂದ ಒತ್ತುತ್ತ ಹೋದರು. ನೊರೆ ನೊರೆಯಾಗಿ ಡೀಸೆಲ್ ಉಕ್ಕಿತು. ನೊರೆ ನಿಂತು ತಿಳಿಯಾಗಿ ಬಂದ ಮೇಲೆ ತಿರುಪು ಬಿಗಿದು, "ಈಗ ನೋಡಮ್ಮ" ಎಂದರು. ಮೂರನೆಯ ಸಲಕ್ಕೆ ಪಿಕಪ್ಪು ಮೈಯೆಲ್ಲ ನಡುಗಿಸಿಕೊಂಡು, ಕಪ್ಪು ಹೊಗೆ ಬಿಟ್ಟು, ಹೊತ್ತಿಕೊಂಡಿತು. ಅಪ್ಪನ ಗಾಡಿಯ ದನಿಯಲ್ಲ ಅದು. ದಪ್ಪ, ಒರಟು, ಮಾತಾಡಿದರೆ ಕೇಳಿಸದಷ್ಟು ಜೋರು. ಬಾಡಿಗೆ ಟ್ರಾಕ್ಟರು ಬಂದು ನಿಂತ ಹಾಗೆ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಮ್ಮ ಸ್ಟೇರಿಂಗು ಬಿಡದೆ ಎರಡು ಕಣ್ಣಲ್ಲೂ ನೀರು ಸುರಿಸುತ್ತ ನಗುತ್ತಿದ್ದಳು. ನಾನು ಜಗಲಿಯ ಮೇಲೆ ನಿಂತು, ಯಾರಿಗೂ ಏನೂ ಕೇಳಿಸದ ಆ ಸದ್ದಿನಲ್ಲಿ, ಅಪ್ಪಾ ಎಂದು ಒಂದು ಸಲ ಕೂಗಿ ನೋಡಿದೆ.

ಆಫೀಸಿಗೆ ಹೋಗುವ ದಿನ ಅವರಿಬ್ಬರೂ ಬೆಳಿಗ್ಗೆಯೇ ಮಿಂದು ಸಿದ್ಧರಾದರು. ಕಾಳಾಚಾರ್ ಚಿಕ್ಕನಾಯಕನಹಳ್ಳಿಯಲ್ಲಿ ಹತ್ತಿಕೊಂಡು ಅಲ್ಲಿಂದ ತಾವೇ ಓಡಿಸುತ್ತೇನೆ ಎಂದಿದ್ದರು. ಅಜ್ಜಿಗೆ ಗಾಡಿ ಹತ್ತಲು ಅಮ್ಮ ಮಣೆ ತಂದಿಟ್ಟಳು, ಸೊಂಟ ಹಿಡಿದು ಎತ್ತಿದಳು. "ಮೆಲ್ಲಗೆ ಕಣೇ, ನಾನೇನು ಕೊಬ್ಬರಿ ಮೂಟೆನಾ?" ಎಂದಳು ಅಜ್ಜಿ. ಮುಂದಿನ ಸೀಟಿನಲ್ಲಿ ಮೂವರಿಗೆ ಜಾಗವಿತ್ತು. ಮಧ್ಯೆ ನನಗೆ ಆಗುತ್ತಿತ್ತು. ದಾರಿಯಲ್ಲಿ ಹತ್ತುವವರಿದ್ದಾರೆ ಎಂದು ನನಗೂ ಗೊತ್ತಿತ್ತು. ಆದರೂ ಜಡೆ ಹಾಕಿಕೊಂಡು, ಹಬ್ಬದ ಲಂಗ ತೊಟ್ಟು, ಗಾಡಿಯ ಪಕ್ಕ ನಿಂತಿದ್ದೆ. ನಾನೂ ಬರುತ್ತೇನೆ ಎಂಬ ಎರಡು ಮಾತು ನಾಲಿಗೆಯ ಮೇಲಿತ್ತು. ಎಷ್ಟೋ ಮಾತು ಆಚೆಗೂ ಈಚೆಗೂ ಹೊತ್ತ ನನಗೆ ನನ್ನದೊಂದನ್ನು ಹೇಗೆ ಹೇಳಬೇಕೆಂದು ತಿಳಿಯಲಿಲ್ಲ.

"ಸ್ಕೂಲಿಗೆ ಹೊತ್ತಾಯ್ತು, ನಡಿ. ಬಾಗ್ಲು ಹಾಕ್ಕೊಂಡು ಹೋಗು. ಸಂಜಿಗೆ ಬತ್ತೀವಿ" ಎಂದಳು ಅಮ್ಮ.

ಗಾಡಿ ತೋಟದ ದಾರಿಯಲ್ಲಿ ತಿರುಗಿ ಮರೆಯಾದ ಮೇಲೂ ಅದರ ಸದ್ದು ಬಹಳ ಹೊತ್ತು ಕೇಳಿಸಿತು. ನಾನು ಶಾಲೆಗೆ ಹೋಗಲಿಲ್ಲ. ಬಾಗಿಲು ಹಾಕಿ, ನಡುಮನೆಯಲ್ಲಿ ಮಲಗಿ, ಎದ್ದು, ಮತ್ತೆ ಮಲಗಿ, ಹಗಲು ಕಳೆದೆ.

ಹೊತ್ತು ಇಳಿಯುವಾಗ ಅವರು ಬಂದರು. ಅಮ್ಮನೇ ಓಡಿಸಿಕೊಂಡು ಬಂದಿದ್ದಳು. ಗಾಡಿ ನಿಂತರೂ ಇಬ್ಬರೂ ಇಳಿಯಲಿಲ್ಲ, ಒಳಗೇ ನಗುತ್ತಿದ್ದರು. ಅಜ್ಜಿಯ ಹೆಬ್ಬೆಟ್ಟು ಇನ್ನೂ ನೀಲಿ, ಸೆರಗಿನ ಮೇಲೂ ಒಂದು ನೀಲಿ ಕಲೆ. ಆಫೀಸಿನಲ್ಲಿ ಏನೋ ನಡೆದಿತ್ತು. ಅಜ್ಜಿ ಆ ಹೆಬ್ಬೆಟ್ಟನ್ನು ಎತ್ತಿ ಏನೋ ಅನ್ನುವುದು, ಅಮ್ಮ ಸ್ಟೇರಿಂಗಿಗೆ ಹಣೆ ಇಟ್ಟು ನಗುವುದು. ಅಮ್ಮ ಹಾಗೆ ನಕ್ಕದ್ದನ್ನು ನಾನು ಕೆರೆಯಂಗಳದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

"ಏನಾಯ್ತಮ್ಮ?" ಎಂದೆ, ಗಾಡಿಯ ಬಾಗಿಲು ಹಿಡಿದು.

"ಏನಿಲ್ಲ ಬುಡು" ಎಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತ.

"ಅಜ್ಜಿ, ಏನಾಯ್ತು ಹೇಳಜ್ಜಿ."

"ನಿಂಗೆ ಹೇಳಿದ್ರೆ ಅರ್ಥ ಆಗಲ್ಲ ಕಣೇ" ಎಂದು ಅಜ್ಜಿ ಮತ್ತೆ ನಕ್ಕಳು. ಅದಕ್ಕೆ ಅಮ್ಮನೂ ಮತ್ತೆ ನಕ್ಕಳು.

ಈಗ ಇಬ್ಬರೂ ಇಲ್ಲ. ಆ ದಿನ ಆಫೀಸಿನಲ್ಲಿ ಏನಾಯಿತು ಎಂಬುದು ನನಗೆ ಇವತ್ತಿಗೂ ತಿಳಿಯದು. ಗಾಡಿಯ ಬಾಗಿಲು ಹಿಡಿದು ನಿಂತ ನಾನು ಅವರಿಬ್ಬರ ಮುಖವನ್ನೂ ನೋಡಿದೆ. ಆಮೇಲೆ, ಏನೂ ತಿಳಿಯದಿದ್ದರೂ, ಅವರಿಗಿಂತ ಜೋರಾಗಿ ನಗತೊಡಗಿದೆ. ನೀನ್ಯಾಕೆ ನಗ್ತೀಯೇ ಎಂದು ಯಾರಾದರೂ ಕೇಳಲಿ ಎಂದು ನಗುತ್ತಲೇ ಇದ್ದೆ. ಯಾರೂ ಕೇಳಲಿಲ್ಲ.